ಕಾರವಾರಕ್ಕೆ ಬಂದ ಅಲೆ

ವಿನೋಬನಗರದಲ್ಲಿ ಮನೆ ಮಾಡಿಕೊಂಡವರಿಗೆ ಸಮುದ್ರದ ಭಯವೇ? ನಮಗೂ ಕಡಲಿಗೂ ನಡುವೆ ಇಡೀ ಘಟ್ಟವೇ ಅಡ್ಡ ನಿಂತಿದೆ. ಆದರೆ ಶಿವಮೊಗ್ಗದ ಎಷ್ಟೋ ಮನೆಗಳಲ್ಲಿ ಸೊಸೆಯ ತವರೋ, ಮಗಳನ್ನು ಕೊಟ್ಟ ಮನೆಯೋ ಘಟ್ಟದ ಕೆಳಗಿರುತ್ತದೆ. ನನ್ನ ಅತ್ತೆಯವರ ತವರು ಕಾರವಾರ. 2004ರ ಡಿಸೆಂಬರ್ 26ರ ಭಾನುವಾರ ಟಿ.ವಿ.ಯಲ್ಲಿ ನಾಗಪಟ್ಟಣಂನ ದೃಶ್ಯ ನೋಡುತ್ತ ಅವರು, "ಅದು ಮೂಡಲ ಕಡೆಯ ಸಮುದ್ರ ಮಾರಾಯ್ತಿ, ನಮ್ಮದು ಹಾಗೆಲ್ಲ ಮಾಡೂದಿಲ್ಲ" ಎಂದರು. ತವರಿನ ಮಾವಿನಕಾಯಿಯನ್ನೇ ಬಿಟ್ಟುಕೊಡದವರು ನಾವು, ಇನ್ನು ಸಮುದ್ರವನ್ನು ಬಿಟ್ಟುಕೊಡುತ್ತೇವೆಯೇ!

ಆದರೆ ಅದೂ ಮಾಡಿತ್ತು. 1945ರ ನವೆಂಬರ್ 28, ನಸುಕಿನ ಮೂರೂವರೆಯ ಹೊತ್ತು. ಈಗ ಪಾಕಿಸ್ತಾನಕ್ಕೆ ಸೇರಿರುವ ಮಕರಾನ್ ತೀರದಾಚೆ ಅರಬ್ಬೀ ಸಮುದ್ರದ ತಳ ನಡುಗಿತು. ತೀವ್ರತೆ 8.1. ಅಲ್ಲಿ ಭೂಮಿಯ ಒಂದು ಫಲಕ ಇನ್ನೊಂದರ ಅಡಿಗೆ ನುಗ್ಗುತ್ತಲೇ ಇರುತ್ತದೆ. ಸಿಕ್ಕಿಕೊಂಡಿದ್ದ ಅಂಚು ಒಮ್ಮೆಲೇ ಬಿಡಿಸಿಕೊಂಡಾಗ ತಳವೇ ಮೇಲೆದ್ದು, ಅದರ ಮೇಲಿನ ಅಷ್ಟೂ ನೀರನ್ನು ಎತ್ತಿಹಾಕುತ್ತದೆ. ಗಾಳಿಯ ಅಲೆ ಬರೀ ಮೇಲುಮೇಲಿನದು. ಇದು ಹಾಗಲ್ಲ, ತಳದಿಂದಲೇ ಹೊರಟು ಬರುವಂಥದು.

ಹತ್ತಿರದ ಪಸ್ನಿ ಊರು ನೀರುಪಾಲಾಯಿತು. ಬೆಳಿಗ್ಗೆ ಎಂಟೂಕಾಲರ ಸುಮಾರಿಗೆ ಮುಂಬಯಿಯಲ್ಲಿ 2 ಮೀಟರಿನಷ್ಟು ನೀರೆದ್ದಿತು. ವರ್ಸೋವಾ, ಹಾಜಿ ಅಲಿ ಕಡೆಗಳಲ್ಲಿ ಜನ ಕೊಚ್ಚಿಹೋದರು. ಆ ಶಹರದಲ್ಲಿ ಸತ್ತವರು 15 ಮಂದಿ ಎಂದು ದಾಖಲೆ. ಜುಹುವಿನಲ್ಲಿ ದೋಣಿಗಳು ಹಗ್ಗ ಕಿತ್ತುಕೊಂಡು ಹೋದವು. ಅಲೆ ಇನ್ನೂ ದಕ್ಷಿಣಕ್ಕೆ ಇಳಿದು, ಆಗ ಮುಂಬಯಿ ಪ್ರಾಂತಕ್ಕೇ ಸೇರಿದ್ದ ಕಾರವಾರವನ್ನೂ ಮುಟ್ಟಿತು.

ನನ್ನನ್ನು ಕಾಡುವುದು ನಡುವಿನ ಹೊತ್ತು. ಮೂರೂವರೆಗೆ ಕಂಪನ, ಮುಂಬಯಿಗೆ ನೀರು ಬಂದದ್ದು ಎಂಟೂಕಾಲಿಗೆ. ಹತ್ತಿರ ಹತ್ತಿರ ಐದು ಗಂಟೆ! ಅಷ್ಟರಲ್ಲಿ ಕೋಳಿವಾಡದ ಹೆಂಗಸರು ಒಲೆ ಹಚ್ಚಿ, ಮಕ್ಕಳ ಹೊಟ್ಟೆಗಿಷ್ಟು ಹಾಕಿ, ಬುಟ್ಟಿ ಹಿಡಿದು ದಂಡೆಗೆ ನಡೆದಿರಬೇಕು. ಹೋಗಬೇಡಿ ಎಂದು ಹೇಳುವವರಿರಲಿಲ್ಲ. ಭೂಮಿ ನಡುಗಿದ ಸುದ್ದಿ ಹಿಡಿದು ಅಲೆಯ ಮುನ್ಸೂಚನೆ ಕೊಡುವ ಕೇಂದ್ರ ಹೈದರಾಬಾದಿನಲ್ಲಿ ಶುರುವಾದದ್ದೇ 2007ರಲ್ಲಿ. ಸುನಾಮಿ ಎಂಬ ಹೆಸರಾದರೂ ನಮ್ಮ ಮನೆಗಳ ಮಾತಿಗೆ ಬಂದದ್ದು 2004ರ ಆಮೇಲೆಯೇ. ಜಪಾನೀ ಭಾಷೆಯಲ್ಲಿ ಅದಕ್ಕೆ ಬಂದರಿನ ಅಲೆ ಎಂದರ್ಥವಂತೆ.

ಮಕರಾನಿನ ತಳ ಈಗಲೂ ಸುಮ್ಮನಿಲ್ಲ. ಅಷ್ಟು ದೂರದ ನಡುಕ ನಮ್ಮ ಕರಾವಳಿಯವರ ಕಾಲಿಗೆ ತಿಳಿಯಲಾರದು. ಕೆಲವೊಮ್ಮೆ ಅಲೆಗೆ ಮುಂಚೆ ನೀರು ದೂರ ಸರಿದು ತಳ ಬಯಲಾಗುತ್ತದೆ, ಮಕ್ಕಳು ಚಿಪ್ಪು ಆರಿಸಲು ಓಡುತ್ತವೆ. ಆಗ ಮಕ್ಕಳನ್ನೆತ್ತಿಕೊಂಡು ಗುಡ್ಡ ಹತ್ತಬೇಕು. ಒಂದು ಅಲೆ ಹೋಯಿತೆಂದು ಪಾತ್ರೆಪಡಗ ಹುಡುಕಲು ಇಳಿಯಬಾರದು, ಹಿಂದಿನಿಂದ ಬರುವುದು ಇನ್ನೂ ದೊಡ್ಡದಿರಬಹುದು.