ಡಬ್ಬಿ ಹುಡುಕಾಟ, ಕಾಲುದಾರಿ, ಜೈಲು

ಜಿಯೋಕ್ಯಾಶಿಂಗ್ ಅಂತ ಒಂದು ಆಟ ಇದೆ. ಯಾರೋ ಎಲ್ಲೋ ಒಂದು ಡಬ್ಬಿ ಬಚ್ಚಿಟ್ಟು ಅದರ ಅಕ್ಷಾಂಶ-ರೇಖಾಂಶ ಅಂತರ್ಜಾಲದಲ್ಲಿ ಹಾಕ್ತಾರೆ. ಉಳಿದವರು ಜಿಪಿಎಸ್ ಹಿಡ್ಕೊಂಡು ಹುಡುಕ್ತಾರೆ. ಸಿಕ್ಕರೆ ಒಳಗಿರೋ ಚೀಟಿಯಲ್ಲಿ ಹೆಸರು ಬರೆದು, ಡಬ್ಬಿ ಇದ್ದಲ್ಲೇ ಇಟ್ಟು ಬರೋದು. ಅಷ್ಟೇ! ನಮ್ಮ ಮಗಳಿಗೆ ಇದರ ಹುಚ್ಚು.

ಅಮೆರಿಕದ ಸೇನೆ ಜನಸಾಮಾನ್ಯರಿಗೆ ಸಿಗುವ ಜಿಪಿಎಸ್ ಸಂಕೇತದಲ್ಲಿ ಬೇಕಂತಲೇ ತಪ್ಪು ಬೆರೆಸ್ತಿತ್ತು, ಸುಮಾರು 100 ಮೀಟರ್‌ನಷ್ಟು. 2000ರ ಮೇ 1ರ ರಾತ್ರಿ ಕ್ಲಿಂಟನ್ ಸರ್ಕಾರ ಅದನ್ನು ನಿಲ್ಲಿಸಿತು. ಮೇ 3ಕ್ಕೆ ಡೇವ್ ಅಲ್ಮರ್ ಎಂಬಾತ ಆರೆಗನ್ ರಾಜ್ಯದ ಬೀವರ್‌ಕ್ರೀಕ್ ಹತ್ತಿರ ಒಂದು ಕಪ್ಪು ಬಕೆಟ್ ಬಚ್ಚಿಟ್ಟ. ಅದೇ ಮೊದಲ ಡಬ್ಬಿ. ಹಾಗೆ ನೋಡಿದರೆ ಇಂಗ್ಲೆಂಡಿನ ಡಾರ್ಟ್‌ಮೂರ್‌ನಲ್ಲಿ 1854ರಲ್ಲೇ ಜೇಮ್ಸ್ ಪೆರಟ್ ಎಂಬ ಮಾರ್ಗದರ್ಶಿ, ಕ್ರ್ಯಾನ್‌ಮಿಯರ್ ಪೂಲ್ ತನಕ ನಡೆದು ಬಂದವರು ವಿಸಿಟಿಂಗ್ ಕಾರ್ಡ್ ಹಾಕಲಿ ಅಂತ ಒಂದು ಬಾಟಲಿ ಇಟ್ಟಿದ್ದನಂತೆ. ಉಪಗ್ರಹ ಇರಲಿಲ್ಲ, ಚಟ ಇತ್ತು :)

ನಾವು ಮೂವರೂ ಹೋಗಿದ್ದು ಡರ್ಬಿಶೈರ್‌ನ ಹೇಫೀಲ್ಡ್ ಕಡೆ. ಕಲ್ಲುಗೋಡೆಗಳ ನಡುವಿನ ಓಣಿ, ಕುರಿ ಮೇಯುವ ಗದ್ದೆಗಳು. ಗೋಡೆ ದಾಟೋಕೆ ಥೇಟ್ ನಮ್ಮ ಮಲೆನಾಡಿನ ತಡಮೆ! ಯಾರದೋ ಜಮೀನಿನ ನಡುವೆ ಹೋಗ್ತಿದ್ರೂ 'ಯಾರ್ರೀ ಅದು' ಅಂತ ಕೇಳೋರಿಲ್ಲ, ಕಾಲುದಾರಿ ಸಾರ್ವಜನಿಕರ ಹಕ್ಕು. (ನಮ್ಮೂರಲ್ಲಿ ಸ್ಕೂಲಿಗೆ ಹೋಗ್ತಿದ್ದ ಕಾಲುದಾರಿ ಈಗ ಯಾರದೋ ಕಾಂಪೌಂಡಿನೊಳಗೆ ಸೇರಿಕೊಂಡಿದೆ. ಇರಲಿ.)

ಬೌಡನ್ ಬ್ರಿಜ್‌ನ ಹಳೇ ಕಲ್ಲುಕ್ವಾರಿಯಲ್ಲಿ ಒಂದು ಫಲಕ ಇದೆ. ಮಗಳು ಡಬ್ಬಿ ಹುಡುಕ್ತಿದ್ದಾಗ ನಾನು ಅದನ್ನು ಓದ್ತಾ ನಿಂತೆ. 1932ರ ಏಪ್ರಿಲ್ 24, ಭಾನುವಾರ. ನೂರಾರು ಜನ, ಹೆಚ್ಚಿನವರು ಕೆಲಸಗಾರ ಹುಡುಗರು, ಇಲ್ಲಿಂದ ಕಿಂಡರ್ ಸ್ಕೌಟ್ ಗುಡ್ಡಕ್ಕೆ ಹೊರಟರು. ಆ ಬೋಳುಗುಡ್ಡ ಡೆವನ್‌ಶೈರ್ ಡ್ಯೂಕನ ಹಕ್ಕಿಬೇಟೆಯ ಜಾಗ. ಗದ್ದೆಯ ಕಾಲುದಾರಿಗಳು ಹಳೇ ಹಕ್ಕು, ಆದರೆ ಗುಡ್ಡದ ಮೇಲೆ ಕಾಲಿಡೋ ಹಾಗಿರಲಿಲ್ಲ. ಮುಂದಾಳು ಬೆನ್ನಿ ರಾತ್‌ಮನ್‌ಗೆ ಆಗ 20 ವರ್ಷ. ಕಾವಲುಗಾರರ ಜೊತೆ ತಳ್ಳಾಟ ಆಯ್ತು. ಅತಿಕ್ರಮ ನಡೆದಾಟ ಅಲ್ಲಿ ಅಪರಾಧವೇ ಅಲ್ಲ, ಹಾಗಾಗಿ ಗಲಭೆ ಮುಂತಾದ ಆರೋಪ ಹೊರಿಸಿ ಐವರನ್ನು 2ರಿಂದ 6 ತಿಂಗಳು ಜೈಲಿಗೆ ಹಾಕಿದರು. ಬೆನ್ನಿಗೆ 4 ತಿಂಗಳು. ಗುಡ್ಡ ಹತ್ತಿದ್ದಕ್ಕೆ!

ಆ ಶಿಕ್ಷೆಯಿಂದಲೇ ಜನರ ಕೋಪ ಹೆಚ್ಚಾಯ್ತು ಅನ್ನೋದು ನನಗೂ ಸರಿ ಅನ್ನಿಸುತ್ತೆ. 1949ರ ಕಾಯ್ದೆ ಕಾಲುದಾರಿಗಳನ್ನೆಲ್ಲ ನಕ್ಷೆಯಲ್ಲಿ ದಾಖಲಿಸೋಕೆ ಹೇಳಿತು. 1951ರಲ್ಲಿ ಇದೇ ಪ್ರದೇಶ ಬ್ರಿಟನ್ನಿನ ಮೊದಲ ರಾಷ್ಟ್ರೀಯ ಉದ್ಯಾನ ಆಯ್ತು. ಬೋಳುಗುಡ್ಡಗಳಲ್ಲಿ ದಾರಿ ಬಿಟ್ಟೂ ಅಡ್ಡಾಡುವ ಹಕ್ಕಿನ ಕಾಯ್ದೆ ಬಂದಿದ್ದು 2000ರಲ್ಲಿ, ಅಲ್ಮರ್ ಬಕೆಟ್ ಇಟ್ಟ ವರ್ಷವೇ.

2002ರಲ್ಲಿ, 70ನೇ ವರ್ಷದ ಸಭೆಯಲ್ಲಿ, ಆಗಿನ ಡೆವನ್‌ಶೈರ್ ಡ್ಯೂಕ್ ತನ್ನ ಅಜ್ಜ ಮಾಡಿದ್ದು ತಪ್ಪು ಅಂತ ಎಲ್ಲರೆದುರು ಕ್ಷಮೆ ಕೇಳಿದ. ಬೆನ್ನಿ ರಾತ್‌ಮನ್ ಅದೇ ಜನವರಿಯಲ್ಲಿ ತೀರಿಕೊಂಡಿದ್ದ.