ತುಂಗಭದ್ರೆಯ ಈಚೆ ಶುಕ್ರವಾರ, ಆಚೆ ಭಾನುವಾರ

ಪರದೇಶಗಳಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಗಳು ಊರಿಗೆ ಬಂದಾಗ ಹೇಳುವ ದೂರುಗಳಲ್ಲಿ ರಜೆಯದೂ ಒಂದು. ಜರ್ಮನಿಯಲ್ಲಿ ಭಾನುವಾರ ಬಹುತೇಕ ಅಂಗಡಿಗಳು ಮುಚ್ಚಿರುತ್ತವೆ. ಹಾಲು, ತರಕಾರಿಗಳನ್ನು ಶನಿವಾರವೇ ತಂದಿಟ್ಟುಕೊಳ್ಳಬೇಕು. ಸೌದಿ ಅರೇಬಿಯಾದಲ್ಲಿ 2013ರವರೆಗೆ ಗುರುವಾರ ಮತ್ತು ಶುಕ್ರವಾರ ವಾರದ ರಜೆಯಾಗಿದ್ದವು, ಅನಂತರ ಶುಕ್ರವಾರ ಮತ್ತು ಶನಿವಾರ ಆದವು. ದುಬೈ ಕಡೆಯ ಸರಕಾರಿ ಕಚೇರಿಗಳು 2022ರಿಂದ ಶನಿವಾರ-ಭಾನುವಾರಕ್ಕೆ ಹೊರಳಿ, ಶುಕ್ರವಾರ ಅರ್ಧ ದಿನ ಕೆಲಸ ಮಾಡುತ್ತವೆ. "ಹೋದ ಹೊಸದರಲ್ಲಿ ಯಾವ ದಿನ ಏನು ತೆರೆದಿರುತ್ತದೆಂದೇ ತಿಳಿಯುವುದಿಲ್ಲ ಸರ್" ಎಂದು ಅವರು ಹೇಳುವಾಗ ನನಗೆ ಒಳಗೊಳಗೇ ನಗು. ಇವರ ಅಜ್ಜಂದಿರು ಇದೇ ತೊಡಕನ್ನು ಸಿಂಧನೂರಿನಲ್ಲಿದ್ದುಕೊಂಡೇ ಅನುಭವಿಸಿದವರು. ಅದಕ್ಕೆ ವಿಮಾನ ಬೇಕಿರಲಿಲ್ಲ, ಹರಿಗೋಲು ಸಾಕಾಗಿತ್ತು.

ಸಿಂಧನೂರು, ಲಿಂಗಸುಗೂರು, ಮಸ್ಕಿಗಳು ಆಗ ಹೈದರಾಬಾದ್ ನಿಜಾಮರ ಸಂಸ್ಥಾನದಲ್ಲಿದ್ದವು. ತುಂಗಭದ್ರೆಯ ಆಚೆ ದಡದ ಸಿರುಗುಪ್ಪ, ಬಳ್ಳಾರಿಗಳು ಬ್ರಿಟಿಷರ ಮದ್ರಾಸ್ ಪ್ರಾಂತಕ್ಕೆ ಸೇರಿದ್ದವು. ನದಿ ದಾಟಿದರೆ ನಾಣ್ಯವೇ ಬೇರೆ. ಆಚೆಯ ಕಲ್ದಾರ್ 6 ರೂಪಾಯಿಗೆ ನಮ್ಮ ಹಾಲಿ ಸಿಕ್ಕಾ ಸುಮಾರು 7 ರೂಪಾಯಿ ಕೊಡಬೇಕಿತ್ತು. ಸರಕಿಗೆ ಕರೋಡಗಿರಿ ಸುಂಕ ಬೇರೆ. ಈಚೆಯ ಕಚೇರಿಗಳ ಭಾಷೆ ಉರ್ದು. ಲೆಕ್ಕದ ವರ್ಷ ಫಸಲಿ, ಅದರ ಮೊದಲ ತಿಂಗಳು ಅಕ್ಟೋಬರಿನಲ್ಲಿ ಆರಂಭವಾಗುವ ಆಜೂರ್. ವಾರದ ರಜೆ ಜುಮ್ಮಾ, ಅಂದರೆ ಶುಕ್ರವಾರ. ಆಚೆ ದಡದಲ್ಲಿ ಭಾನುವಾರ.

ಇದರ ಪರಿಣಾಮವನ್ನು ಬೆರಳೆಣಿಸಿಯೇ ತಿಳಿಯಬಹುದು. ಎರಡೂ ಕಡೆಯ ಕಚೇರಿಗಳಲ್ಲಿ ಕೆಲಸವಿದ್ದ ಸಿಂಧನೂರಿನ ರೈತನನ್ನೋ ವ್ಯಾಪಾರಿಯನ್ನೋ ಕಲ್ಪಿಸಿಕೊಳ್ಳಿ. ಗುರುವಾರ ಸಂಜೆ ಇಲ್ಲಿಯ ತಹಸೀಲು ಕಚೇರಿ ಮುಚ್ಚಿದರೆ ತೆರೆಯುವುದು ಶನಿವಾರ. ಶನಿವಾರ ಇಲ್ಲಿಯ ಕೆಲಸ ಮುಗಿಸಿ ನದಿ ದಾಟುವ ಹೊತ್ತಿಗೆ ಬಳ್ಳಾರಿಯ ಕೋರ್ಟು, ಖಜಾನೆಗಳು ಭಾನುವಾರಕ್ಕೆಂದು ಬಾಗಿಲು ಹಾಕಿರುತ್ತಿದ್ದವು. ಗುರುವಾರ ಸಂಜೆಯಿಂದ ಸೋಮವಾರ ಬೆಳಗಿನವರೆಗೆ ಎರಡೂ ದಡಗಳು ಒಟ್ಟಿಗೆ ತೆರೆದಿರುವುದು ಶನಿವಾರ ಒಂದೇ ದಿನ. ಇನ್ನು ಸೋಮವಾರ ಬಸವಣ್ಣನ ದಿನವೆಂದು ಎತ್ತಿನ ಹೆಗಲಿಗೆ ನೊಗವಿಡದ ಮನೆತನಗಳು ನಮ್ಮ ಸೀಮೆಯಲ್ಲಿ ಬೇಕಾದಷ್ಟು. ಅಧಿಕಾರಿಗಳಿಗೆ ಒಂದು ದಿನ, ಆಚೆಯವರಿಗೆ ಒಂದು ದಿನ, ಎತ್ತುಗಳಿಗೆ ಒಂದು ದಿನ! ಮಾಡಲು ಕೆಲಸವಿದ್ದವನ ಪಾಡನ್ನು ಕೇಳುವವರಾರು?

ಲಿಂಗಸುಗೂರಿನ ಕಥೆ ಇನ್ನೂ ಸ್ವಾರಸ್ಯದ್ದು. ರಾಯಚೂರು ದೋಆಬ ಪ್ರದೇಶವನ್ನು ನಿಜಾಮರು 1853ರಲ್ಲಿ ಬ್ರಿಟಿಷರಿಗೆ ಒಪ್ಪಿಸಬೇಕಾಯಿತು. 1860ರಲ್ಲಿ ಅದು ಮರಳಿ ಬಂತು. ಏಳು ವರ್ಷಗಳಲ್ಲಿ ಎರಡು ಬಾರಿ ದೊರೆತನ ಬದಲಾಯಿತು. ಬಳಿಕವೂ ಬಹುಕಾಲ ಅಲ್ಲಿ ಹೈದರಾಬಾದ್ ಕಂಟಿಂಜೆಂಟಿನ ದಂಡು ಬೀಡುಬಿಟ್ಟಿತ್ತು. ಸಂಸ್ಥಾನ ನಿಜಾಮರದು, ದಂಡಿನ ಮೇಲಧಿಕಾರಿಗಳು ಭಾನುವಾರವನ್ನು ಪವಿತ್ರವೆಂದು ನಂಬಿದ ಇಂಗ್ಲಿಷರು.

ಇಂತಿಂಥ ದಿನ ಇಂತಿಂಥದು ನಡೆಯಕೂಡದೆಂಬ ರಾಜಾಜ್ಞೆ ನಮ್ಮ ದೇಶಕ್ಕೆ ಹೊಸದಲ್ಲ. ಮಸ್ಕಿಯ ಬಂಡೆಯ ಶಾಸನವನ್ನು 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಕಂಡುಹಿಡಿದರೆಂದೂ, 'ದೇವಾನಾಂಪ್ರಿಯ'ನೇ ಅಶೋಕನೆಂದು ಹೆಸರಿನಿಂದ ಖಚಿತವಾದದ್ದು ಅದರಿಂದಲೇ ಎಂದೂ ನನ್ನ ಪಾಠ ಕೇಳಿದವರಿಗೆಲ್ಲ ಬಾಯಿಪಾಠ. ಅದೇ ಅಶೋಕ, ಉತ್ತರ ಭಾರತದಲ್ಲಿರುವ ತನ್ನ ಐದನೆಯ ಸ್ತಂಭ ಶಾಸನದಲ್ಲಿ, ಚಾತುರ್ಮಾಸ್ಯದ ಮೂರು ಹುಣ್ಣಿಮೆ, ಪುಷ್ಯದ ಹುಣ್ಣಿಮೆ ಮತ್ತು ಉಪವಾಸದ ದಿನಗಳಲ್ಲಿ ಮೀನನ್ನು ಕೊಲ್ಲಕೂಡದು, ಮಾರಲೂ ಕೂಡದು ಎಂದು ಆಜ್ಞಾಪಿಸಿದ್ದಾನೆ. ರೋಮಿನ ದೊರೆ ಕಾನ್‌ಸ್ಟಂಟೈನ್ ಭಾನುವಾರದ ವಿರಾಮವನ್ನು ಶಾಸನ ಮಾಡಿದ್ದು ಇದಾದ ಐದು ಶತಮಾನಗಳಿಗೂ ಮೀರಿದ ಮೇಲೆ, ಕ್ರಿ.ಶ. 321ರಲ್ಲಿ. ನದಿಯಾಚೆಯ ನಿಟ್ಟೂರಿನ ಶಾಸನದಲ್ಲೂ ಅಶೋಕನ ಹೆಸರಿದೆ. ಅವನ ಕಾಲದಲ್ಲಿ ಎರಡೂ ದಡಗಳಿಗೆ ದೊರೆ ಒಬ್ಬನೇ.

ರಜೆಯ ದಿನವನ್ನು ಗೊತ್ತುಮಾಡುವವನೇ ದೊರೆ ಎಂಬುದು ನಮ್ಮ ಹಿರಿಯರಿಗೆ ಚೆನ್ನಾಗಿ ಮನದಟ್ಟಾದದ್ದು 1947ರ ಆಗಸ್ಟ್ 15ರಂದು. ಆ ದಿನ ಶುಕ್ರವಾರ. ಸಿಂಧನೂರಿನ ಶಾಲೆಗೂ ಕಚೇರಿಗೂ ಅಂದು ರಜೆ, ಆದರೆ ಅದು ಸ್ವಾತಂತ್ರ್ಯದ ರಜೆಯಲ್ಲ, ಎಂದಿನ ಜುಮ್ಮಾ ರಜೆ! ಸಂಸ್ಥಾನವು ಭಾರತಕ್ಕೆ ಸೇರಿರಲಿಲ್ಲ. ಆಚೆ ದಡದಲ್ಲಿ ತ್ರಿವರ್ಣ ಧ್ವಜ ಏರಿತು. ಈಚೆ ಅದನ್ನು ಏರಿಸುವುದು ಅಪರಾಧ. ಸ್ವಾಮಿ ರಮಾನಂದ ತೀರ್ಥರು ಅಂದೇ ಹೈದರಾಬಾದಿನಲ್ಲಿ ಬಂಧಿತರಾದರು. ಬೀಗ ಹಾಕಿದ ಎರಡು ಬಾಗಿಲುಗಳು ಹೊರಗಿನಿಂದ ಒಂದೇ ಬಗೆಯಾಗಿ ಕಂಡರೂ ಬೀಗ ಹಾಕಿದ ಕಾರಣ ಬೇರೆಯಾಗಿರಬಹುದು. ಮಕ್ಕಳಿಗೆ ಈ ಪಾಠವನ್ನು ಹೇಳುವಾಗಲೆಲ್ಲ ನಾನು ಈ ಶುಕ್ರವಾರದ ಮಾತನ್ನು ತೆಗೆಯುತ್ತಿದ್ದೆ. ಪಠ್ಯಪುಸ್ತಕದಲ್ಲಿ ಅದು ಇರಲಿಲ್ಲ.

ಮುಂದೆ ಹದಿಮೂರು ತಿಂಗಳು ರಜಾಕಾರರ ಹಾವಳಿ, ಗಡಿಶಿಬಿರಗಳ ಹೋರಾಟ. ಆಳವಂಡಿಯ ಶಿವಮೂರ್ತಿಸ್ವಾಮಿಗಳು ಮುಂಡರಗಿಯಲ್ಲಿ ಶಿಬಿರ ನಡೆಸಿದ್ದು ಆಗಲೇ. 1948ರ ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಒಳಹೊಕ್ಕಿತು. 17ರ ಸಂಜೆ ನಿಜಾಮರು ರೇಡಿಯೋದಲ್ಲಿ ಶರಣಾಗತಿಯನ್ನು ಪ್ರಕಟಿಸಿದರು. ಪಂಚಾಂಗ ತೆಗೆದು ನೋಡಿ, ಅದೂ ಶುಕ್ರವಾರವೇ. ವಿಮೋಚನೆಯ ಸಂಭ್ರಮದ ಬೆನ್ನಿಗೇ ಸಂಸ್ಥಾನದ ಹಲವು ಭಾಗಗಳಲ್ಲಿ ಪ್ರತೀಕಾರದ ಹೆಸರಿನಲ್ಲಿ ಎಷ್ಟೋ ನಿರಪರಾಧಿ ಮುಸ್ಲಿಮರು ಪ್ರಾಣ ಕಳೆದುಕೊಂಡರೆಂಬುದನ್ನೂ ಇತಿಹಾಸ ಹೇಳುವವನು ಬಿಡಬಾರದು.

ಈ ಕಾರ್ಯಾಚರಣೆಯ ಬಳಿಕ ವಾರದ ರಜೆ ಭಾನುವಾರಕ್ಕೆ ಸರಿಯಿತು. ಫಸಲಿ ತಿಂಗಳುಗಳು ಕಡತಗಳಲ್ಲಿ ಉಳಿದುಕೊಂಡವು, ಹಾಲಿ ಸಿಕ್ಕಾ ಇನ್ನೂ ಕೆಲವು ವರ್ಷ ನಡೆದು ನಿಂತಿತು. 'ತಾತೀಲ್' ಎಂಬ ಉರ್ದು ಮಾತು ಮರೆಯಾಗಿ 'ಸೂಟಿ' ಉಳಿಯಿತು. 1956ರ ನವೆಂಬರ್ 1ರಿಂದ ಎರಡೂ ದಡಗಳು ಒಂದೇ ರಾಜ್ಯದಲ್ಲಿವೆ. ನಿಜಾಮರ ಕಡೆಯ ಆಳ್ವಿಕೆಯನ್ನು ಕಾಣದ ಬಳ್ಳಾರಿಯೂ ಈಗ ನಮ್ಮೊಡನೆ ಕಲ್ಯಾಣ ಕರ್ನಾಟಕದ ಏಳು ಜಿಲ್ಲೆಗಳಲ್ಲಿ ಒಂದಾಗಿದೆ.