ಹಳೆಯ ಅಮೆರಿಕನ್ ಶೆಲ್ಫ್ ಗಡಿಯಾರ: ಬೆಲೆ ಕಟ್ಟುವುದು ಹೇಗೆ?

ಗೂಡಿನ ಮೇಲೋ ಅಗ್ಗಿಷ್ಟಿಕೆಯ ಹಲಗೆಯ ಮೇಲೋ ಇಡುತ್ತಿದ್ದ ಶೆಲ್ಫ್ ಗಡಿಯಾರಗಳು 19ನೇ ಶತಮಾನದ ಅಮೆರಿಕದಲ್ಲಿ ಲಕ್ಷಗಟ್ಟಲೆ ತಯಾರಾದವು. ಆದುದರಿಂದ ನೂರೈವತ್ತು ವರ್ಷ ಹಳೆಯದೆಂಬ ಮಾತ್ರಕ್ಕೆ ಅವು ಅಮೂಲ್ಯವಲ್ಲ. ಯಂತ್ರ, ಪೆಟ್ಟಿಗೆ, ಡಯಲ್, ಗಾಜು ಮೊದಲಿನಿಂದಲೂ ಒಟ್ಟಿಗಿದ್ದವೇ ಎಂಬುದರ ಮೇಲೆ ಬೆಲೆ ನಿಲ್ಲುತ್ತದೆ.

ಇವುಗಳ ತವರು ಕನೆಕ್ಟಿಕಟ್ ರಾಜ್ಯ. ಅಲ್ಲಿನ ಪ್ಲಿಮತ್‌ನ ಎಲಿ ಟೆರ್ರಿ 1806ರಲ್ಲಿ 4,000 ಮರದ ಗಡಿಯಾರ ಯಂತ್ರಗಳ ಗುತ್ತಿಗೆ ಹಿಡಿದು, ಒಂದರ ಬಿಡಿಭಾಗ ಮತ್ತೊಂದಕ್ಕೆ ಹೊಂದುವಂತೆ ಜಲಶಕ್ತಿಯ ನೆರವಿನಿಂದ ತಯಾರಿಸಿದ. 1816ರಲ್ಲಿ ಶೆಲ್ಫ್ ಗಡಿಯಾರಕ್ಕೆ ಪೇಟೆಂಟ್ ಪಡೆದ. ಅವನ ಕಂಬ-ಸುರುಳಿ ವಿನ್ಯಾಸದ ಗಡಿಯಾರಗಳಿಗೆ ಇಂದಿಗೂ ಬೇಡಿಕೆಯಿದೆ. ಆದರೆ ಮರದ ಚಕ್ರಗಳು ತೇವಕ್ಕೆ ಉಬ್ಬುತ್ತಿದ್ದುದರಿಂದ ಕಡಲಾಚೆಗೆ ಕಳುಹಿಸುವಂತಿರಲಿಲ್ಲ. ಚಾನ್ಸಿ ಜೆರೋಮ್ 1830ರ ದಶಕದ ಕೊನೆಯಲ್ಲಿ ಅಗ್ಗದ ಹಿತ್ತಾಳೆ ಯಂತ್ರ ತಂದು, 1842ರಲ್ಲಿ ಇಂಗ್ಲೆಂಡಿಗೆ ರಫ್ತು ಆರಂಭಿಸಿದ. ಬೆಲೆ ಬೇಕೆಂದೇ ಕಡಿಮೆ ತೋರಿಸಿದ್ದಾನೆಂದು ಶಂಕಿಸಿದ ಸುಂಕದ ಅಧಿಕಾರಿಗಳು ಸರಕನ್ನೇ ಕೊಂಡುಬಿಟ್ಟರಂತೆ. ಜೆರೋಮನಿಗೆ ಅದೇ ಲಾಭದ ವ್ಯಾಪಾರವಾಯಿತು!

ಬಿಡಿಭಾಗಗಳು ಅದಲುಬದಲಾಗುವ ಈ ಗುಣವೇ ಇಂದು ಕೊಳ್ಳುವವರಿಗೆ ತೊಡಕು. ಒಂದರ ಪೆಟ್ಟಿಗೆಗೆ ಇನ್ನೊಂದರ ಯಂತ್ರ ಕೂಡಿಸಿದ ಗಡಿಯಾರವನ್ನು ಸಂಗ್ರಾಹಕರು ‘ಮದುವೆ’ಯಾದದ್ದು ಎನ್ನುತ್ತಾರೆ. ಅಂಥದರ ಬೆಲೆ ಬಹಳ ಕುಸಿಯುತ್ತದೆ. ಯಂತ್ರ ಬಿಗಿದ ಜಾಗದಲ್ಲಿ ಕೆಲಸಕ್ಕೆ ಬಾರದ ಹಳೆಯ ತಿರುಪಿನ ತೂತುಗಳಿದ್ದರೆ, ಕೀಲಿ ಕೊಡುವ ಅಚ್ಚು ಡಯಲ್‌ನ ರಂಧ್ರಕ್ಕೆ ನೇರವಾಗಿಲ್ಲದಿದ್ದರೆ ಅನುಮಾನಿಸಬೇಕು. ಒಳಬೆನ್ನಿಗೆ ಅಂಟಿಸಿದ ತಯಾರಕರ ಮುದ್ರಿತ ಚೀಟಿ ಬಲವಾದ ಸಾಕ್ಷಿ. ಸೇತ್ ಥಾಮಸ್ ಗಡಿಯಾರದ ಚೀಟಿಯಲ್ಲಿ ‘ಪ್ಲಿಮತ್ ಹಾಲೋ’ ಎಂದಿದ್ದರೆ ಅದು ಹಳೆಯದು. ‘ಥಾಮಸ್ಟನ್’ ಎಂದಿದ್ದರೆ ನಂತರದ್ದು. 1859ರಲ್ಲಿ ಆತ ತೀರಿಕೊಂಡ ಬಳಿಕವೇ ಊರಿಗೆ ಅವನ ಹೆಸರು ಬಂದದ್ದು. ಚೀಟಿಯ ಹೆಸರೂ ಯಂತ್ರದ ಮೇಲೆ ಮುದ್ರೆಯಿದ್ದರೆ ಅದರ ಹೆಸರೂ ತಾಳೆಯಾಗಬೇಕು.

ಬಾಗಿಲಿನ ಚಿತ್ರಿತ ಗಾಜಿಗೆ ಹೊಸ ಬಣ್ಣ ಬಳಿಸುವುದು, ಪೆಟ್ಟಿಗೆಯನ್ನು ಉಜ್ಜಿ ಮತ್ತೆ ಪಾಲಿಶ್ ಮಾಡಿಸುವುದು ಬೆಲೆಯನ್ನು ಕೆಡಿಸುವ ಕೆಲಸಗಳು. ಮಾಸಿದ ಮೂಲ ಚಿತ್ರವೇ ಲೇಸು. ಬಾಗಿದ ಅಂಚಿನ ಚೌಕಟ್ಟಿನ ‘ಓಜೀ’ ಮಾದರಿ ಎಲ್ಲೆಡೆ ಸಿಗುವುದರಿಂದ ಹೊಸಬರ ಆರಂಭಕ್ಕೆ ಅದು ತಕ್ಕುದು. ಸಾಮಾನ್ಯ ಮಾದರಿಗಳ ಬೆಲೆ ಈ ಶತಮಾನದ ಆರಂಭಕ್ಕಿಂತ ಇಳಿದಿದೆ. ಆದ್ದರಿಂದ ಹಳೆಯ ದರಪುಸ್ತಕಗಳನ್ನು ನಂಬದೆ, ಇತ್ತೀಚಿನ ಹರಾಜುಗಳಲ್ಲಿ ನಿಜಕ್ಕೂ ಸಂದ ಮೊತ್ತವನ್ನು ನೋಡಬೇಕು. ಕೊಂಡ ಗಡಿಯಾರವನ್ನು ಸಾಗಿಸುವ ಮುನ್ನ ಲೋಲಕ ಹಾಗೂ ತೂಕದ ಗುಂಡುಗಳನ್ನು ಕಳಚಿ ಬೇರೆಯಾಗಿ ಕಟ್ಟಬೇಕು. ದಾರಿಯಲ್ಲಿ ಆ ಗುಂಡುಗಳು ಉರುಳಿದರೆ ಮೊದಲು ಒಡೆಯುವುದು ಗಾಜು.